ನೋಟೀಸಿನ ಜಾಗ ಟ್ರಂಕಲ್ಲ
(ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ನಮ್ಮ ಕೇರಿಯ ಗಿರಣಿ ಕೆಲಸಗಾರರೊಬ್ಬರು ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತಂದಿದ್ದರು. ಮಗಳ ಕಾಯಿಲೆಯಲ್ಲಿ ಕಂತು ನಿಂತಿತು. ಇಂಗ್ಲಿಷಿನಲ್ಲಿ ನೋಟೀಸು ಬಂತು. ತೋರಿಸಿದರೆ ಮಾನ ಹೋದೀತೆಂದು ಟ್ರಂಕಿನ ತಳದಲ್ಲಿಟ್ಟರು. ಬಾಗಿಲಿಗೆ ಬ್ಯಾಂಕಿನ ಕಾಗದ ಅಂಟಿದ ದಿನ, "ಮೇಷ್ಟ್ರೇ, ಇದನ್ನು ಓದಿ ಹೇಳಿ" ಎಂದು ನನ್ನಲ್ಲಿಗೆ ಬಂದರು. ಓದಿದೆ. ಅದು ಕೊಟ್ಟಿದ್ದ 60 ದಿನಗಳು ಎಂದೋ ತೀರಿದ್ದವು.

ದುಡಿಯುವವನು ಸಾಲ ಮಾಡುವುದು ಅಪರಾಧವಲ್ಲ. ಆದರೆ ಸುಮ್ಮನಿರುವುದು ಮನೆಗೇ ಕೇಡು. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ದಾವೆ ಹೂಡದೆಯೇ ಅಡವಿನ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಅದನ್ನು ತಡೆಯುವ ಅಧಿಕಾರ ಊರಿನ ಸಿವಿಲ್ ಕೋರ್ಟಿಗಿಲ್ಲ. ಉಳ್ಳವರ ಕೈಗೆ ಸರ್ಕಾರ ಕೊಟ್ಟ ಕತ್ತಿ ಇದು!

ಆದರೂ ಅದೇ ಕಾಯಿದೆಯಲ್ಲಿ ನಮಗೂ ಕೆಲವು ಬಾಗಿಲುಗಳಿವೆ. ಒಂದೊಂದಕ್ಕೂ ಗಡುವಿದೆ. ಮೊದಲ ನೋಟೀಸಿನ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ, ಅದನ್ನು ಒಪ್ಪದ ಬ್ಯಾಂಕು 15 ದಿನಗಳಲ್ಲಿ ಕಾರಣ ಸಹಿತ ಉತ್ತರ ಕೊಡಲೇಬೇಕು. ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡರೆ, 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನಲ್ಲಿದೆ. ಹಿಂದೆ ಈ ಅರ್ಜಿಗೆ ಬಾಕಿಯ ಮುಕ್ಕಾಲು ಪಾಲು ಮೊದಲೇ ಕಟ್ಟಬೇಕಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು. ಹರಾಜಿನ ಪ್ರಕಟಣೆ ಹೊರಡುವ ಮುನ್ನ ಬಾಕಿಯನ್ನೂ ಖರ್ಚನ್ನೂ ಪೂರ್ತಿ ಕಟ್ಟಿದರೆ ಮನೆ ಉಳಿಯುತ್ತದೆ. ಪ್ರಕಟಣೆ ಹೊರಟ ಮೇಲೆ ಆ ಹಕ್ಕಿಲ್ಲ.

ಈ ದಿನಗಳ ಲೆಕ್ಕ ಇಡಲು ಊರಿನ ವಕೀಲರು ಬೇಕು. ಬಡ್ಡಿಯ ಲೆಕ್ಕ ಸರಿಯೇ? ತೀರದೆ ಉಳಿದದ್ದು ಅಸಲು ಬಡ್ಡಿಗಳ ಶೇಕಡ 20ಕ್ಕಿಂತ ಕಡಿಮೆಯೇ? ಹಾಗಿದ್ದರೆ ಈ ಕಾಯಿದೆಯೇ ಅನ್ವಯಿಸದು. ಇದನ್ನೆಲ್ಲ ಅವರು ನೋಡುತ್ತಾರೆ. ಮ್ಯಾನೇಜರರ ಬಳಿ ಹೊಸ ಕಂತಿನ ಮಾತಾಡಿ, ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯುತ್ತಾರೆ. ಸಾಲವನ್ನೇ ಅಳಿಸಿಹಾಕುವ ಮಂತ್ರ ಅವರಲ್ಲಿಲ್ಲ. ಹಾಗೆಂದು ಹೇಳಿ ದುಡ್ಡು ಕೇಳುವವನು ದಲ್ಲಾಳಿ, ಅವನಿಂದ ದೂರವಿರಿ.

ಇಂಥ ಬ್ಯಾಂಕಿನ ಮೊಕದ್ದಮೆ ನಡೆಸಿದ್ದೀರಾ ಎಂದು ವಕೀಲರನ್ನು ಕೇಳಲು ಸಂಕೋಚ ಬೇಡ. ಫೀಸಿಗೆ ರಸೀದಿ ಪಡೆಯಿರಿ. ಖಾಲಿ ಕಾಗದಕ್ಕೆ ರುಜು ಹಾಕಬೇಡಿ.

ಫೀಸಿಗೆ ಹಣವಿಲ್ಲವೆ? 1987ರ ಕಾನೂನು ಸೇವೆಗಳ ಕಾಯಿದೆಯಂತೆ ಕಾರ್ಖಾನೆ ಕೆಲಸಗಾರರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಆದಾಯ ಕಡಿಮೆಯಿರುವ ಸಣ್ಣ ವರ್ತಕರಿಗೂ ಉಂಟು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಇದು ಯಾರ ದಯೆಯೂ ಅಲ್ಲ, ನಿಮ್ಮ ಹಕ್ಕು.

ಬಂಧುಗಳೇ, ನೋಟೀಸು ಬಂದ ದಿನವೇ ಸಂಘದ ಕಛೇರಿಗೆ ತನ್ನಿ. ಕೂಡಿ ಓದೋಣ, ಕೂಡಿ ವಕೀಲರ ಬಳಿ ಹೋಗೋಣ. ಇನ್ನೊಂದು ಮನೆಯ 60 ದಿನಗಳು ಟ್ರಂಕಿನಲ್ಲಿ ಕೊಳೆಯುವುದು ಬೇಡ.