ಗೋಡೆ, ತಗಡು, ನೆಗೆಟಿವ್: ಜ್ಯೋತಿ ಭಟ್ಟರ ಕಲೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ‘ಮ್ಯಾಪ್’, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಬಾಗಿಲು ತೆರೆಯಿತು. ಅಲ್ಲಿನ ಮೊದಮೊದಲ ಪ್ರದರ್ಶನಗಳಲ್ಲಿ ಒಂದು ಬರೋಡದ ಜ್ಯೋತಿ ಭಟ್ಟರ ಛಾಯಾಚಿತ್ರಗಳದ್ದು: ‘ಟೈಮ್ ಅಂಡ್ ಟೈಮ್ ಅಗೇನ್’. ಒಬ್ಬ ಕಲಾವಿದರ ದಶಕಗಳ ದುಡಿಮೆಯನ್ನು ಹೀಗೆ ಒಂದೆಡೆ ನೋಡುವ ಅವಕಾಶ ನಮ್ಮಲ್ಲಿ ಸಿಗುವುದೇ ಅಪರೂಪ. ಅವರ ಛಾಯಾಚಿತ್ರಗಳ ದೊಡ್ಡ ಸಂಗ್ರಹವೂ ಈಗ ಅದೇ ಮ್ಯೂಸಿಯಂನಲ್ಲಿದೆ.

ಜ್ಯೋತಿ ಎಂದರೆ ಜ್ಯೋತೀಂದ್ರ ಮನಶಂಕರ ಭಟ್ಟ. 1934ರಲ್ಲಿ ಗುಜರಾತಿನ ಭಾವನಗರದಲ್ಲಿ ಹುಟ್ಟಿದವರು. ಬರೋಡದ ಲಲಿತಕಲಾ ವಿಭಾಗದಲ್ಲಿ ಎನ್.ಎಸ್. ಬೇಂದ್ರೆ, ಕೆ.ಜಿ. ಸುಬ್ರಮಣ್ಯನ್ ಅವರ ಶಿಷ್ಯರು. ರಾಜಸ್ಥಾನದ ಬನಸ್ಥಲಿಯಲ್ಲಿ ಭಿತ್ತಿಚಿತ್ರ ಕಲಿತರು. ಮುಂದೆ ಇಟಲಿಯ ನೇಪಲ್ಸ್, ಆಮೇಲೆ ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆ. 2019ರಲ್ಲಿ ಪದ್ಮಶ್ರೀ ಬಂತು.

ಅವರ ಕೈ ಪಳಗಿದ್ದು ಎಚಿಂಗ್ ಎಂಬ ಅಚ್ಚುಕಲೆಯಲ್ಲಿ. ಲೋಹದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಗೀರುತ್ತಾರೆ. ತಗಡನ್ನು ಆಮ್ಲದಲ್ಲಿ ಇಟ್ಟರೆ ಗೀರಿದ ಜಾಗವನ್ನಷ್ಟೇ ಅದು ತಿನ್ನುತ್ತದೆ. ಹೊತ್ತು ಹೆಚ್ಚಿದಷ್ಟೂ ಗೆರೆ ಆಳವಾಗುತ್ತದೆ, ಅಚ್ಚಿನಲ್ಲಿ ಕಪ್ಪು ಗಾಢವಾಗುತ್ತದೆ. ಆಮೇಲೆ ಲೇಪ ತೆಗೆದು, ಇಡೀ ತಗಡಿಗೆ ಶಾಯಿ ಮೆತ್ತಿ, ಬಟ್ಟೆಯಿಂದ ಒರೆಸಬೇಕು. ಮೇಲ್ಮೈ ಚೊಕ್ಕಟವಾದರೂ ಗೆರೆಗಳೊಳಗೆ ಶಾಯಿ ಉಳಿದಿರುತ್ತದೆ. ತೇವ ಮಾಡಿದ ಕಾಗದ ಹೊದಿಸಿ ಪ್ರೆಸ್ಸಿನ ಉರುಳೆಯಡಿ ಹಾಯಿಸಿದಾಗ ಕಾಗದ ಆ ಗೆರೆಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಅಂಥ ಅಚ್ಚಿನ ಮೇಲೆ ಬೆರಳಾಡಿಸಿದರೆ ಗೆರೆ ಉಬ್ಬಿರುವುದು ತಿಳಿಯುತ್ತದೆ. ತಗಡಿನ ಎಡ ಅಚ್ಚಿನಲ್ಲಿ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಾಗಾಗಿ ಅಕ್ಷರ ಬರೆಯುವುದಿದ್ದರೆ ತಗಡಿನ ಮೇಲೆ ತಿರುಗುಮುರುಗಾಗಿಯೇ ಬರೆಯಬೇಕು. ಭಟ್ಟರ ಅಚ್ಚುಗಳಲ್ಲೋ ಅಕ್ಷರಗಳು ಧಾರಾಳ. ಗಿಳಿ, ನವಿಲು, ದೇವಿಯರ ನಡುವೆ ಬರಹವೂ ಹೆಣೆದುಕೊಂಡಿರುತ್ತದೆ.

1967ರಲ್ಲಿ ಗುಜರಾತಿನ ಜನಪದ ಕಲೆಯ ಕುರಿತ ಒಂದು ವಿಚಾರಸಂಕಿರಣಕ್ಕಾಗಿ ಫೋಟೋ ತೆಗೆದುಕೊಡುವ ಕೆಲಸ ಅವರ ಪಾಲಿಗೆ ಬಂತು. ಆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹಳ್ಳಿಗಳಲ್ಲಿ ಚಿತ್ರ ಬರೆಯುತ್ತಿದ್ದ ಮಣ್ಣಿನ ಗೋಡೆಗಳು ಹೋಗಿ ಸಿಮೆಂಟ್ ಬರುತ್ತಿದ್ದ ಕಾಲ ಅದು. ಗೋಡೆಯೇ ಇಲ್ಲವಾದ ಮೇಲೆ ಗೋಡೆಯ ಚಿತ್ರ ಎಲ್ಲಿ ಉಳಿದೀತು? ಭಟ್ಟರು ದಶಕಗಳ ಕಾಲ ಹಳ್ಳಿಹಳ್ಳಿ ತಿರುಗಿದರು. ಶಿಲ್ಪಿ ರಾಘವ ಕನೇರಿಯಾ ಎಷ್ಟೋ ಸಲ ಜೊತೆಗಿದ್ದರು. ರಾಜಸ್ಥಾನದ ಮೀಣಾ ಹೆಂಗಸರು ನೆಲ, ಗೋಡೆಗಳ ಮೇಲೆ ಬರೆಯುವ ಮಾಂಡಣೆ, ಗುಜರಾತಿನ ರಾಠ್ವಾ ಜನರ ಪಿಠೋರಾ ಗೋಡೆಚಿತ್ರ, ಅಜ್ಜಿಯರ ಕೈಮೇಲಿನ ಹಚ್ಚೆ, ಎಲ್ಲವೂ ಅವರ ಕ್ಯಾಮೆರಾದಲ್ಲಿ ಸೆರೆಯಾದವು.

ಇದನ್ನು ದಾಖಲೆ ಕೆಲಸ ಎಂದು ಬದಿಗಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರೀ ದಾಖಲೆಯೇ ಬೇಕಿದ್ದರೆ ಗೋಡೆಯನ್ನಷ್ಟೇ ಕತ್ತರಿಸಿ ಹಿಡಿಯಬಹುದಿತ್ತು. ಭಟ್ಟರ ಚೌಕಟ್ಟಿನಲ್ಲಿ ಮತ್ತೆ ಮತ್ತೆ ಮನೆಯವರು ಇರುತ್ತಾರೆ. ಸಾರಿಸಿದ ನೆಲದಲ್ಲಿ ಕೂತು ಬಿಳಿ ಗೆರೆ ಎಳೆಯುತ್ತಿರುವ ಹೆಂಗಸನ್ನು ನೋಡಿ: ಮಾಂಡಣೆ ಅವಳ ಸುತ್ತ ಹರಡುತ್ತಿದೆ, ಅವಳ ಸೀರೆಯ ಅಂಚು, ಕೈಬಳೆ ಕೂಡ ಅದೇ ವಿನ್ಯಾಸದ ಮುಂದುವರಿಕೆಯಂತೆ ಕಾಣುತ್ತವೆ. ಮಲೆನಾಡಿನಲ್ಲಿ ದೀವರ ಸಮುದಾಯದ ಮನೆಗಳ ಕೆಂಪು ಗೋಡೆಯ ಮೇಲೆ ಅಕ್ಕಿಹಿಟ್ಟಿನ ಹಸೆ ಚಿತ್ತಾರ ಕಂಡವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆ, ಹಬ್ಬ, ಆ ಹೆಂಗಸಿನ ಕೈ ಇವುಗಳಿಂದ ಚಿತ್ರವನ್ನು ಬೇರೆ ಮಾಡಬಾರದೆಂಬ ಹಟ ಭಟ್ಟರದು. ಆ ಹಟವೇ ಅವರ ದೊಡ್ಡತನ ಎಂದು ನಾನು ನಂಬಿದ್ದೇನೆ.

ಆ ಹೆಂಗಸರಿಂದ ಕಂಡು ಕಲಿತದ್ದು ತಗಡಿಗೂ ಬಂತು. ಹಚ್ಚೆಯ ಚುಕ್ಕಿ, ಗೋಡೆಯ ನವಿಲು ಎಚಿಂಗ್‌ನಲ್ಲಿ ಹೊಸ ಮೈ ಪಡೆದವು. ಕಸುಬಿನ ಮಟ್ಟದಲ್ಲೂ ಎಚಿಂಗ್‌ಗೂ ಫೋಟೋಗೂ ಹತ್ತಿರದ ಸಂಬಂಧವಿದೆ. ತಗಡು ಎಡಬಲವನ್ನು ಅದಲುಬದಲು ಮಾಡುತ್ತದೆ, ನೆಗೆಟಿವ್ ಕಪ್ಪುಬಿಳುಪನ್ನು. ಎರಡರಿಂದಲೂ ಒಂದಲ್ಲ, ಹಲವು ಪ್ರತಿ ತೆಗೆಯಬಹುದು. ಹಲವು ಪ್ರತಿ ಎಂಬ ಕಾರಣಕ್ಕೇ ಅಚ್ಚುಚಿತ್ರಕ್ಕೂ ಫೋಟೋಗೂ ತೈಲಚಿತ್ರದ ಮುಂದೆ ಎರಡನೇ ಸಾಲಿನ ಜಾಗ ಕೊಡುತ್ತ ಬಂದಿದ್ದೇವೆ. ಇದು ಅನ್ಯಾಯ. ಪ್ರತಿಯೊಂದು ಅಚ್ಚಿಗೂ ಶಾಯಿಯನ್ನು ಹೊಸದಾಗಿ ಹಚ್ಚಬೇಕು, ಹೊಸದಾಗಿ ಒರೆಸಬೇಕು. ಒರೆಸುವ ಕೈ ತುಸು ಬಿಗಿಯಾದರೂ ಚಿತ್ರ ಬಿಳಿಚಿಕೊಳ್ಳುತ್ತದೆ.

ಅವರ ಮುಂದಿನ ಪ್ರದರ್ಶನ ಯಾರೇ ಏರ್ಪಡಿಸಲಿ, ಫೋಟೋಗೆ ಒಂದು ಕೋಣೆ, ಎಚಿಂಗ್‌ಗೆ ಇನ್ನೊಂದು ಎಂದು ಬೇರೆ ಮಾಡುವುದು ಬೇಡ. ಅವರ ‘ಕಲ್ಪವೃಕ್ಷ’ ಎಂಬ ಅಚ್ಚುಚಿತ್ರವನ್ನು ಹಚ್ಚೆ ಹಾಕಿಸಿಕೊಂಡ ಅಜ್ಜಿಯ ಫೋಟೋದ ಪಕ್ಕದಲ್ಲೇ, ಒಂದೇ ಗೋಡೆಗೆ, ಕಣ್ಣಿನ ಮಟ್ಟಕ್ಕೆ ತೂಗುಹಾಕಲಿ.