ಟಗರುಮರಿಗೆ ಯಾವ ಪುಡಿ ಬೆರೆಸಲಿ?



ಬಕ್ರೀದ್‌ಗೆ ಮೂರು ತಿಂಗಳಿದೆ ಅನ್ನುವಾಗ ನನಗೆ ಬರುವ ಪ್ರಶ್ನೆ ಒಂದೇ. “ಡಾಕ್ಟ್ರೇ, ಮರಿಗೆ ಮೆಕ್ಕೆಜೋಳ ಹಾಕ್ತಿದ್ದೀನಿ, ಹಿಂಡಿ ಹಾಕ್ತಿದ್ದೀನಿ, ಮೈ ತುಂಬ್ತಿಲ್ಲ. ಹಿಕ್ಕೆನೂ ತೆಳ್ಳಗೆ ಹಾಕ್ತಿದೆ. ಯಾವ ಪುಡಿ ಬೆರೆಸಲಿ?” ಪುಡಿಯ ಮಾತು ಆಮೇಲೆ. ಹಿಕ್ಕೆ ಯಾಕೆ ತೆಳ್ಳಗಾಯಿತು, ಅದನ್ನು ಮೊದಲು ನೋಡೋಣ.

ಬನ್ನೂರು ಮರಿಯಾಗಲಿ, ಕೆಂಗುರಿಯಾಗಲಿ, ತಿಂದ ಮೇವನ್ನು ಮೊದಲು ಅರಗಿಸುವವು ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ನಾರು ಒಡೆಯುವ ಗುಂಪು ಒಂದು, ಪಿಷ್ಟ ತಿನ್ನುವ ಗುಂಪು ಇನ್ನೊಂದು. ಜೋಳದ ನುಚ್ಚು ಒಮ್ಮೆಲೇ ಒಳಗೆ ಬಿದ್ದರೆ ಪಿಷ್ಟದ ಗುಂಪು ವಿಪರೀತ ಬೆಳೆದು, ಸೆಕೆಗೆ ಇಟ್ಟ ದೋಸೆಹಿಟ್ಟಿನ ಹಾಗೆ ಹೊಟ್ಟೆಯೆಲ್ಲ ಹುಳಿಯಾಗುತ್ತದೆ. ಪಿಎಚ್ 6ರ ಕೆಳಗೆ ಇಳಿಯಿತೋ, ನಾರು ಒಡೆಯುವವು ಕೈಚೆಲ್ಲುತ್ತವೆ. ಹಾಕಿದ ಹೊಟ್ಟು ಅರಗದೆ ಹಾಗೇ ಹೊರಗೆ ಬರುತ್ತದೆ. 5ರ ಹತ್ತಿರ ಬಂದರೆ ಮರಿಯೇ ನೆಲ ಹಿಡಿಯುತ್ತದೆ.

ಈ ಹುಳಿಗೆ ಮದ್ದು ಮರಿಯ ಬಾಯಲ್ಲೇ ಇದೆ. ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟೇ ಜೊಲ್ಲಿನಲ್ಲೂ ಇರುವುದು. ಬೆಳೆದ ಕುರಿ ದಿನಕ್ಕೆ 6 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ. ಅಷ್ಟು ಊರಬೇಕಾದರೆ ಮೆಲುಕು ಹಾಕಬೇಕು. ಮೆಲುಕು ಹಾಕಲು ಹೊಟ್ಟೆಯಲ್ಲಿ ಒರಟು ನಾರು ಬೇಕು. ಮತ್ತೆ ಹೇಳುತ್ತೇನೆ: ನಾರಿದ್ದರೆ ಮೆಲುಕು, ಮೆಲುಕಿದ್ದರೆ ಜೊಲ್ಲು, ಜೊಲ್ಲಿದ್ದರೆ ಹುಳಿ ಹತೋಟಿಯಲ್ಲಿ. “ಹೊಟ್ಟು ಹಾಕಿದರೆ ಬರೀ ಹೊಟ್ಟೆ ದಪ್ಪವಾಗುತ್ತೆ, ಮಾಂಸ ಬರಲ್ಲ” ಎಂದು ತೊಗರಿಹೊಟ್ಟನ್ನೂ ಕಡಲೆಬಳ್ಳಿಯನ್ನೂ ನಿಲ್ಲಿಸುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಹಾಗೆ ನಿಲ್ಲಿಸಿದ್ದ ಒಂದು ಮನೆಗೆ ಬೆಳಗಿನ ಜಾವ ಹೋಗಿದ್ದೆ. ಹಸಿದ ಮರಿಗಳು ರಾತ್ರಿ ಜೋಳದ ಚೀಲ ಹರಿದು ತಿಂದಿದ್ದವು. ನಾಲ್ಕು ಸತ್ತಿದ್ದವು, ಉಳಿದವು ಹಲ್ಲು ಕಡಿಯುತ್ತಾ ನಿಂತಿದ್ದವು. ಜೀರ್ಣದ ಪುಡಿಯ ಡಬ್ಬಿ ಗೂಡಿನಲ್ಲಿ ತುಂಬಿಕೊಂಡೇ ಇತ್ತು. ಆ ಮನೆಯ ಅಜ್ಜಿ ಸತ್ತ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಇವತ್ತಿಗೂ ಕಣ್ಣಮುಂದಿದೆ.

ಆದ್ದರಿಂದ ಹೊಟ್ಟು ಮೊದಲು, ಕಾಳು ಆಮೇಲೆ. ಕಾಳನ್ನು ದಿನಕ್ಕೆ 50 ಗ್ರಾಮಿನಿಂದ ಶುರುಮಾಡಿ, ಎರಡು ವಾರ ಹಿಡಿದು ಏರಿಸಿ, ಎರಡು ಮೂರು ಹೊತ್ತಿಗೆ ಹಂಚಿ ಹಾಕಿ. ಇಷ್ಟು ಮಾಡಿದ ಮೇಲೆ ಕಿಲೋ ಕಾಳಿನ ಮಿಶ್ರಣಕ್ಕೆ 10 ಗ್ರಾಂ ಸೋಡಾ ಬೆರೆಸಿದರೆ ಅನುಕೂಲವೇ. ಯೀಸ್ಟೂ ಕೆಲವು ಸಲ ನೆರವಾಗುತ್ತದೆ, ಆದರೆ ಅದು ಜೀವಂತವಾಗಿರಬೇಕು. ತಗಡಿನ ಸೂರಿನಡಿ ಬೇಸಿಗೆಯೆಲ್ಲ ಬೆಂದ ಪೊಟ್ಟಣದಿಂದ ಏನೂ ಆಗದು. ಕಾಳು ಏರಿಸುವ ಮೊದಲೇ ಕರುಳುಬೇನೆಯ ಲಸಿಕೆ ಹಾಕಿಸಿ.

ಸಮಯ ಮುಗಿಯುತ್ತಿದೆ, ಇದೊಂದನ್ನು ಬಿಡಲಾರೆ. ಹಸುವಿಗೆ ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಅದರಲ್ಲಿನ ತಾಮ್ರವನ್ನು ಕುರಿಯ ಈಲಿ ಹೊರಹಾಕಲಾರದೆ ವಾರಗಟ್ಟಲೆ ಕೂಡಿಡುತ್ತದೆ. ಒಂದು ದಿನ ಮೂತ್ರ ಕೆಂಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಆಮೇಲೆ ಉಳಿಸುವುದು ಬಹಳ ಕಷ್ಟ. ಚೀಲದ ಮೇಲೆ ‘ಕುರಿಗೆ’ ಎಂದು ಬರೆದಿದ್ದರೆ ಮಾತ್ರ ಕೊಳ್ಳಿ.