ಮೂಗಿಗಿಂತ ಮೂಗುತಿ ಭಾರವೇ?

ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದವನು ಕಾರಿನ ಗೇರ್‌ಬಾಕ್ಸನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವೆನಿಸಬಹುದು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಕೆಟ್ಟ ವಸ್ತುವೊಂದನ್ನು ದುರಸ್ತಿ ಮಾಡಿಸಬೇಕೇ, ಕೈಬಿಡಬೇಕೇ ಎಂಬ ಪ್ರಶ್ನೆ ಯಂತ್ರಶಾಸ್ತ್ರಕ್ಕಷ್ಟೇ ಸೇರಿದ್ದಲ್ಲ. ಸಂಸಾರಸ್ಥನಾದ ಪ್ರತಿಯೊಬ್ಬನ ಮುಂದೆಯೂ ಒಂದಲ್ಲ ಒಂದು ದಿನ ಬಂದು ನಿಲ್ಲುವಂಥದು. 2025ರ ಮಳೆಗಾಲದಲ್ಲಿ ಅದು ನನ್ನ ಮುಂದೆ ಬಂದು ನಿಂತಿತು.

ನನ್ನದು 1999ರಲ್ಲಿ ಕೊಂಡ ಮಾರುತಿ 800. ಮೂರು ಸಿಲಿಂಡರಿನ ಎಂಜಿನ್, ನಾಲ್ಕು ಗೇರು. 1983ರ ಡಿಸೆಂಬರಿನಲ್ಲಿ ಮೊದಲು ಹೊರಬಂದ ಈ ಮಾದರಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ನಿವೃತ್ತಿಯ ಅನಂತರ ನಾನು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಗೆ ಹಿಂದಿರುಗಿದಾಗ ಕಾರೂ ಜೊತೆಗೆ ಬಂತು. ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ, ವಯಸ್ಸು ಎಪ್ಪತ್ತಾರು. ಮೂತ್ರಪಿಂಡಗಳು ಸೋತಿರುವುದರಿಂದ ವಾರಕ್ಕೆ ಎರಡು ಸಲ ಆಕೆಯನ್ನು ಡಯಾಲಿಸಿಸ್‌ಗಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೋಗಲು 22 ಕಿಲೋಮೀಟರು, ಬರಲು ಅಷ್ಟೇ. ಅಲ್ಲಿ ನಾಲ್ಕು ಗಂಟೆ.

ಜುಲೈ ತಿಂಗಳ ಒಂದು ಸಂಜೆ ಹಿಂದಿರುಗುವಾಗ, ಏರಿನಲ್ಲಿ ಮೂರನೆಯ ಗೇರಿನಿಂದ ಎರಡಕ್ಕೆ ಬದಲಿಸಹೋದರೆ ಕರಕರ ಸದ್ದು, ಗೇರು ಬೀಳಲೊಲ್ಲದು. ಹೇಗೋ ಬಿತ್ತು. ಮುಂದಿನ ಇಳಿಜಾರಿನಲ್ಲಿ ತಾನಾಗಿಯೇ ಹಾರಿ ನ್ಯೂಟ್ರಲ್‌ಗೆ ಬಂತು. ಮಲೆನಾಡಿನ ರಸ್ತೆಯಲ್ಲಿ ಎರಡನೆಯ ಗೇರೆಂದರೆ ಏರುವಾಗ ಬಲ, ಇಳಿಯುವಾಗ ಲಗಾಮು. ಬ್ರೇಕನ್ನೇ ನಂಬಿ ಮನೆ ಸೇರಿದೆವು. ಹಿಂದಿನ ಸೀಟಿನಲ್ಲಿ ದಣಿದು ಕಣ್ಣು ಮುಚ್ಚಿದ್ದ ಅಕ್ಕನಿಗೆ ಇದೊಂದೂ ತಿಳಿಯಲಿಲ್ಲವೆಂದು ನಾನು ಭಾವಿಸಿದ್ದೆ.

ನಮ್ಮ ಊರಿನ ಮೆಕ್ಯಾನಿಕ್ ನೋಡಿ, ಬಿಚ್ಚಿ ಸರಿಮಾಡಲು ಸುಮಾರು 16,000 ರೂಪಾಯಿ ಆದೀತೆಂದ. ಇಡೀ ಕಾರಿಗೆ ಗುಜರಿಯವನು ಕೊಡುತ್ತೇನೆಂದದ್ದು 22,000. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಕೇಳಿ ನಕ್ಕುಬಿಟ್ಟ: “ಮೂಗಿಗಿಂತ ಮೂಗುತಿ ಭಾರ ಅಂತ ನೀವೇ ಅಲ್ವಾಪ್ಪ ಹೇಳಿಕೊಟ್ಟಿದ್ದು?” ಇತ್ತ ನನ್ನ ಮನಸ್ಸು ಬೇರೊಂದು ಲೆಕ್ಕ ಹಾಕುತ್ತಿತ್ತು. ಹೋದ ವರ್ಷ ತಾನೇ ಹೊಸ ಟೈರು ಹಾಕಿಸಿದ್ದೇನೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000ಕ್ಕೆ ಏರಿತಷ್ಟೆ. ಅದನ್ನೂ 2024ರಲ್ಲಿ ಕಟ್ಟಿ 2029ರವರೆಗೆ ಓಡಿಸಲು ಹಕ್ಕು ಪಡೆದಿದ್ದೇನೆ. ಇಷ್ಟೆಲ್ಲ ಸುರಿದು ಈಗ ಬಿಡುವುದೇ?

ನಿಧಾನವಾಗಿ ಯೋಚಿಸಿದಾಗ ಈ ಎರಡು ತಕ್ಕಡಿಗಳೂ ಸರಿಯಲ್ಲವೆಂದು ತೋರಿತು. ಟೈರಿಗೆ, ಶುಲ್ಕಕ್ಕೆ ಕೊಟ್ಟ ಹಣ ಕಾರನ್ನು ಇಟ್ಟುಕೊಂಡರೂ ಬಾರದು, ಮಾರಿದರೂ ಬಾರದು. ಅದನ್ನು ತೂಕಕ್ಕಿಡುವುದು ವ್ಯರ್ಥ. ಇನ್ನು ಮಗ ಹೇಳಿದ ಗಾದೆ. ಗುಜರಿಯವನು ಕಟ್ಟುವ ಬೆಲೆ ಕಬ್ಬಿಣದ ಬೆಲೆ. ಆದರೆ ಮೂಗಿನ ಬೆಲೆಯನ್ನು ಮಾಂಸದ ತೂಕದಿಂದ ಕಟ್ಟುವವರುಂಟೇ? ಅದರ ಬೆಲೆ ಉಸಿರಾಟದಲ್ಲಿದೆ. ಕಾರಿನ ಬೆಲೆಯೂ ಹಾಗೆಯೇ, ಅದು ನಮಗೆ ಇನ್ನು ಮುಂದೆ ಮಾಡಿಕೊಡಬೇಕಾದ ಕೆಲಸದಲ್ಲಿದೆ.

ಆ ಲೆಕ್ಕ ಕಷ್ಟದ್ದಲ್ಲ. ಆಸ್ಪತ್ರೆಗೆ ಬಾಡಿಗೆ ಕಾರು ಹೋಗಿಬರಲು 900 ರೂಪಾಯಿ ಕೇಳುತ್ತದೆ. ನನ್ನ ಕಾರಿಗೆ ಪೆಟ್ರೋಲು, ಸಣ್ಣಪುಟ್ಟ ಖರ್ಚು ಸೇರಿ 400. ಒಂದು ಪ್ರಯಾಣಕ್ಕೆ ಉಳಿತಾಯ 500. ಮೂವತ್ತೆರಡು ಪ್ರಯಾಣಗಳಲ್ಲಿ, ಅಂದರೆ ಹದಿನಾರು ವಾರಗಳಲ್ಲಿ, ದುರಸ್ತಿಯ ಹಣ ಹಿಂದಿರುಗುತ್ತದೆ. ಬೇರೊಂದು ಹಳೆಯ ಕಾರನ್ನು ಕೊಳ್ಳಬಹುದಿತ್ತು. ಆದರೆ ನನ್ನ ಕಾರಿನ ಕಾಯಿಲೆ ನನಗೆ ಗೊತ್ತು, ಪರರ ಕಾರಿನದು ಗೊತ್ತಿಲ್ಲ.

ಗೊತ್ತು ಎಂದೆನಲ್ಲ, ಅದನ್ನು ತಿಳಿಯುವ ಕ್ರಮವನ್ನು ಮೆಕ್ಯಾನಿಕ್ಕೇ ನನಗೆ ಹೇಳಿಕೊಟ್ಟ. ಗೇರ್‌ಬಾಕ್ಸ್ ಹೋಯಿತೆಂದು ಹೆದರಿ ಬರುವವರಲ್ಲಿ ಹಲವರ ಕಾರಿನಲ್ಲಿ ಕೆಟ್ಟಿರುವುದು ಕ್ಲಚ್ಚು. ಎಲ್ಲ ಗೇರುಗಳೂ ಬಿಗಿಯಾಗಿ ಸದ್ದು ಮಾಡಿದರೆ ಮೊದಲು ಕ್ಲಚ್ಚನ್ನೂ ಅದರ ಕೇಬಲ್ಲನ್ನೂ ನೋಡಬೇಕು. ಒಂದೇ ಒಂದು ಗೇರು ಮೊಂಡಾಟ ಹೂಡಿದರೆ ದೋಷ ಪೆಟ್ಟಿಗೆಯ ಒಳಗಿದೆ. ಎಂಜಿನ್ ಅಬ್ಬರಿಸಿದರೂ ಕಾರು ಮುಂದೆ ಸಾಗದಿದ್ದರೆ ಕ್ಲಚ್ ಪ್ಲೇಟು ಸವೆದಿದೆ. ನಿಂತ ಕಾರಿನಲ್ಲಿ, ನ್ಯೂಟ್ರಲ್‌ನಲ್ಲಿ, ಗುಂಯ್ಗುಡುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಒಳಗಿನ ಬೇರಿಂಗು. ಒತ್ತಿದಾಗ ಮಾತ್ರ ಬಂದರೆ ಕ್ಲಚ್ಚಿನದೇ ಬೇರಿಂಗು.

ಒಳಗೆ ಬೇರೆಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಸಮವೇಗಕ್ಕೆ ತಂದು ಕೂಡಿಸುವುದು ಹಿತ್ತಾಳೆಯ ಒಂದು ಬಳೆ. ಸಿಂಕ್ರೊ ರಿಂಗ್ ಎನ್ನುತ್ತಾರೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಈ ಏರ್ಪಾಡು ಮೊದಲು ಬಂತು. ಅದಕ್ಕೂ ಹಿಂದೆ ಚಾಲಕರು ಕ್ಲಚ್ಚನ್ನು ಎರಡೆರಡು ಸಲ ಒತ್ತಿ, ಕಿವಿಯಿಂದಲೇ ವೇಗವನ್ನು ಅಳೆದು ಗೇರು ಹಾಕುತ್ತಿದ್ದರು. ಈ ಬಳೆ ಸವೆದರೆ ಗೇರು ಕರಕರ ಎನ್ನುತ್ತದೆ. ಇದೆಲ್ಲ ಕೈಯಿಂದ ಗೇರು ಬದಲಿಸುವ ಕಾರಿನ ಮಾತು. ತಾನಾಗಿ ಬದಲಿಸಿಕೊಳ್ಳುವ ಕಾರುಗಳ ರಚನೆ ಬೇರೆ, ಖರ್ಚೂ ಬೇರೆ. ಅವನ್ನು ಬಲ್ಲವರಿಂದಲೇ ಪರೀಕ್ಷಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ಬುದ್ಧಿಯ ಲೆಕ್ಕ. ಇನ್ನೊಂದನ್ನು ಹೇಳಲು ಸಂಕೋಚವಾಗುತ್ತದೆ. ಹೇಳದಿದ್ದರೆ ಈ ಭಾಷಣ ಅಪೂರ್ಣ. ಆ ವಾರದಲ್ಲೇ ಪಕ್ಕದ ಊರಿನ ತರುಣನೊಬ್ಬನಿಗೆ ಕಾರು ಬೇಕೆಂದು ದಲ್ಲಾಳಿಯೊಬ್ಬ ಬಂದ. ಆ ತರುಣ ಉಡುಪಿಯಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಚೆನ್ನಾಗಿ ಓಡುವ ಕಾರಾದರೆ 40,000 ಕೊಡಲು ಸಿದ್ಧ. ನಾನು ಗೇರಿನ ವಿಷಯ ಎತ್ತಿದೆ. “ಅದಕ್ಯಾಕೆ ಚಿಂತೆ ಮೇಷ್ಟ್ರೇ? ದಪ್ಪ ಎಣ್ಣೆ ಹಾಕಿ ಬಿಡೋಣ. ಎರಡು ತಿಂಗಳು ಸದ್ದೇ ಬರಲ್ಲ. ಆಮೇಲೆ ಅವರುಂಟು, ಕಾರುಂಟು” ಎಂದ ದಲ್ಲಾಳಿ.

ಆಗದು ಎಂದು ನಾನು ಆ ಕ್ಷಣದಲ್ಲಿಯೇ ಹೇಳಬೇಕಾಗಿತ್ತು. ಹೇಳಲಿಲ್ಲ. “ಯೋಚಿಸಿ ತಿಳಿಸುತ್ತೇನೆ” ಎಂದೆ. ಮೂವತ್ತು ವರ್ಷ ತರಗತಿಯಲ್ಲಿ ಸತ್ಯದ ಮಾತನಾಡಿದವನ ಬಾಯಿಂದ ಬಂದ ಮಾತು ಇದು. ರಾತ್ರಿ ಊಟಕ್ಕೆ ಕುಳಿತಾಗ ಅಕ್ಕನಿಗೆ ಸುದ್ದಿ ತಿಳಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗ ಉಡುಪಿಗೆ ಹೋಗೋದು ಆಗುಂಬೆ ಘಾಟಿ ಇಳಿದೇ ಅಲ್ವೇನೋ? ಅವತ್ತು ನಮಗಾದ ಹಾಗೆ ಅಲ್ಲಿ ಗೇರು ಹಾರಿದ್ರೆ?” ಎಂದು ಕೇಳಿದಳು.

ಅಂದು ಹಿಂದಿನ ಸೀಟಿನಲ್ಲಿ ಆಕೆ ನಿದ್ರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಆ ತರುಣನಿಗೆ ನಾನೇ ಫೋನು ಮಾಡಿ ದೋಷವನ್ನು ವಿವರಿಸಿದೆ. ಅವನು ಬೇರೆ ಕಾರು ಕೊಂಡ. ದೋಷವನ್ನು ತಿಳಿಸಿ ಮಾರುವುದು ವ್ಯಾಪಾರ. ಬಚ್ಚಿಟ್ಟು ಮಾರಿದರೆ ನಮ್ಮ ಅಪಾಯವನ್ನು ಇನ್ನೊಬ್ಬರ ಮನೆಗೆ ಕಳುಹಿಸಿ ಹಣ ಪಡೆದಂತೆ.

ಅನಂತರ ಮೆಕ್ಯಾನಿಕ್‌ನ ಬಳಿ ಹೋಗಿ ಬಿಚ್ಚುವ ಮೊದಲೇ ಒಂದು ಮಿತಿಯನ್ನು ಹೇಳಿದೆ. ಖರ್ಚು 20,000 ದಾಟುವುದಾದರೆ, ಅಥವಾ ಹಲ್ಲುಚಕ್ರಗಳೇ ಮುರಿದಿದ್ದರೆ, ಬಿಚ್ಚಿದ ಕೂಲಿ ಕೊಟ್ಟು ಕಾರನ್ನು ಗುಜರಿಗೆ ಹಾಕುತ್ತೇನೆ. ಬಿಚ್ಚಿದ ಮೇಲೆ ಮಿತಿ ಹಾಕಿಕೊಳ್ಳುವುದು ಕಷ್ಟ. ಹರಡಿಟ್ಟ ಭಾಗಗಳ ಮುಂದೆ ನಿಂತವನು ಎಲ್ಲಕ್ಕೂ ತಲೆದೂಗುತ್ತಾನೆ. ಅವನು ಮೊದಲು ಎಂಜಿನ್ನಿನ ಹೊಗೆಯನ್ನು ನೋಡಿದ. ಕಾರನ್ನು ಎತ್ತಿ ಅಡಿಯ ತಗಡನ್ನು ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿದ. ನಮ್ಮ ಮಳೆಗೆ ತಗಡು ತುಕ್ಕು ಹಿಡಿದು ಹೋಗಿದ್ದರೆ ಗೇರ್‌ಬಾಕ್ಸಿಗೆ ಹಾಕಿದ ಹಣ ನೀರುಪಾಲು. ಆಮೇಲೆ ಎಣ್ಣೆಯನ್ನು ತಟ್ಟೆಗೆ ಇಳಿಸಿದ. ಅದರಲ್ಲಿ ಹಿತ್ತಾಳೆಯ ಹುಡಿ ಮಿನುಗುತ್ತಿತ್ತು, ಉಕ್ಕಿನ ಚೂರುಗಳಿರಲಿಲ್ಲ. ಹಲ್ಲುಗಳು ಉಳಿದಿದ್ದವು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಬೇರಿಂಗು, ಎರಡನೆಯ ಗೇರಿನ ಸಿಂಕ್ರೊ ರಿಂಗು, ಅದರ ಸ್ಲೀವು ನಾಲ್ಕು ದಿನಗಳಲ್ಲಿ ಬಂದವು. ಹೇಗೂ ಪೆಟ್ಟಿಗೆ ಕೆಳಗಿಳಿದಿದೆ, ಇನ್ನೊಮ್ಮೆ ಅದೇ ಕೂಲಿ ತೆರುವುದು ಬೇಡವೆಂದು ಕ್ಲಚ್ ಪ್ಲೇಟನ್ನೂ ಬದಲಿಸಿದೆವು. ಒಟ್ಟು 18,000. ಆ ವಾರದ ಎರಡು ಪ್ರಯಾಣ ಬಾಡಿಗೆ ಕಾರಿನಲ್ಲಿ ನಡೆದವು.

ಈಗ ಕಾರು ಓಡುತ್ತಿದೆ. ಎರಡನೆಯ ಗೇರು ಇಳಿಜಾರಿನಲ್ಲಿ ಹಿಡಿದು ನಿಲ್ಲುತ್ತದೆ. ಮುಂದೆ ಎಂಜಿನ್ನೇ ಕೆಟ್ಟರೆ ಮತ್ತೆ ಇದೇ ಲೆಕ್ಕವನ್ನು ಮೊದಲಿನಿಂದ ಹಾಕಬೇಕು; ಈ 18,000ವನ್ನು ಆಗ ನೆನೆಯಬಾರದು. ಅಕ್ಕನ ಆಸ್ಪತ್ರೆಯ ಪ್ರಯಾಣ ಇರುವಷ್ಟು ದಿನ ಆ ಕಾರಿಗೆ ಕೆಲಸವಿದೆ. ಕೆಲಸ ಮುಗಿಯುವ ದಿನವನ್ನು ಕುರಿತು ಲೆಕ್ಕ ಹಾಕಲು ನನಗೆ ಮನಸ್ಸಿಲ್ಲ.